ಹಿಮ ಕರಗುವುದು ಅಲ್ಲಿ, ಕೂಲಿ ಕರಗುವುದು ಇಲ್ಲಿ

2016ರ ಫೆಬ್ರವರಿ ತಿಂಗಳ ಆ ದಿನಗಳನ್ನು ಧಾರವಾಡ ಜಿಲ್ಲೆಯ ಜನರು ಮರೆತಿರಲಾರರು. ಸಿಯಾಚಿನ್ ಹಿಮನದಿ ಪ್ರದೇಶದ, 19 ಸಾವಿರ ಅಡಿಗಳಿಗೂ ಎತ್ತರದಲ್ಲಿದ್ದ ಸೇನಾ ಠಾಣೆಯೊಂದರ ಮೇಲೆ ಫೆಬ್ರವರಿ 3ರಂದು ಹಿಮರಾಶಿ ಕುಸಿದು ಹತ್ತು ಮಂದಿ ಯೋಧರು ಅದರಡಿ ಸಿಲುಕಿದರು. ಆರು ದಿನಗಳ ಬಳಿಕ ಆ ರಾಶಿಯನ್ನು ಅಗೆದು ತೆಗೆದಾಗ ಒಬ್ಬ ಯೋಧ ಮಾತ್ರ ಉಸಿರಾಡುತ್ತಿದ್ದರು. ಅವರೇ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಅವರ ಜೀವಕ್ಕಾಗಿ ಜಾತಿ, ಮತದ ಭೇದವಿಲ್ಲದೆ ಜನರು ಪ್ರಾರ್ಥಿಸಿದರು. ಆದರೆ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಎರೆಭೂಮಿಯ ಮಗನೊಬ್ಬ ಹಿಮಭೂಮಿಯಲ್ಲಿ ಮಡಿದು ತನ್ನ ಊರಿನ ಮಣ್ಣಿಗೆ ಮರಳಿದ.

ಹಿಮವನ್ನು ಚಿತ್ರಗಳಲ್ಲಿ ಮಾತ್ರ ಕಂಡಿದ್ದ ನಮ್ಮ ಜಿಲ್ಲೆಯ ಬಹುತೇಕ ಮನೆಗಳಿಗೆ ಹಿಮನದಿ ಎಂಬ ಪದ ಮೊದಲ ಬಾರಿಗೆ ಬಂದು ತಲುಪಿದ್ದು ಆ ಸಾವಿನ ಮೂಲಕ. ಆ ಕುಸಿತಕ್ಕೆ ಭೂಮಿಯ ತಾಪ ಏರುತ್ತಿರುವುದೇ ಕಾರಣವೆಂದು ನಾವು ಹೇಳುತ್ತಿಲ್ಲ. ಅಷ್ಟು ಎತ್ತರದಲ್ಲಿ ಹಿಮ ಹಿಂದೆಯೂ ಕುಸಿಯುತ್ತಿತ್ತು. ನಾವು ಹೇಳಬಯಸುವುದು ಬೇರೆ. ಅಂದು ನಮ್ಮ ಮನೆಯ ಮಾತಾಗಿದ್ದ ಹಿಮನದಿ ಇಂದು ಮತ್ತೆ ದೂರದ ಸುದ್ದಿಯಾಗಿದೆ. ಹಿಮಾಲಯದ ಮಂಜುಗಡ್ಡೆ ಕರಗುತ್ತಿದೆ ಎಂಬ ವರದಿ ಬಂದಾಗ ನಮ್ಮ ಪಟ್ಟಣಗಳ ವಿದ್ಯಾವಂತರು ಕೂಡಾ ಪುಟ ತಿರುವಿ ಮುಂದೆ ಹೋಗುತ್ತಾರೆ. ಅದು ನಮಗೆ ಸಂಬಂಧಿಸಿದ್ದಲ್ಲ ಎಂಬುದು ಅವರ ಭಾವನೆ. ಈ ಭಾವನೆ ಎಷ್ಟು ಸರಿ?

ಮೊದಲು ಹಿಮದ ವಿಚಾರವನ್ನೇ ನೋಡೋಣ. ಶತಮಾನಗಳ ಕಾಲ ಬಿದ್ದ ಹಿಮ ಪದರ ಪದರವಾಗಿ ಒತ್ತಿ ಗಡ್ಡೆಗಟ್ಟಿ, ತನ್ನ ಭಾರದಿಂದಲೇ ಕಣಿವೆಯಲ್ಲಿ ಮೆಲ್ಲನೆ ಸರಿಯುತ್ತಿರುವುದನ್ನು ಹಿಮನದಿ ಎನ್ನುತ್ತಾರೆ. ಚಳಿಗಾಲದಲ್ಲಿ ಅದು ಬೆಳೆಯುತ್ತದೆ, ಬೇಸಿಗೆಯಲ್ಲಿ ಸ್ವಲ್ಪ ಕರಗಿ ಸಿಂಧೂ, ಗಂಗಾ, ಬ್ರಹ್ಮಪುತ್ರದಂತಹ ನದಿಗಳಿಗೆ ನೀರುಣಿಸುತ್ತದೆ. ಬೆಳೆಯುವುದಕ್ಕಿಂತ ಹೆಚ್ಚು ಕರಗತೊಡಗಿದಾಗ ಸಂಕಟ ಆರಂಭವಾಗುತ್ತದೆ. ಕಾಠ್ಮಂಡುವಿನಲ್ಲಿರುವ ಪರ್ವತ ಪ್ರದೇಶಗಳ ಅಂತಾರಾಷ್ಟ್ರೀಯ ಅಧ್ಯಯನ ಸಂಸ್ಥೆ ಇಸಿಮೋಡ್ 2023ರಲ್ಲಿ ಹೊರತಂದ ವರದಿಯ ಪ್ರಕಾರ, 2011ರಿಂದ 2020ರ ಅವಧಿಯಲ್ಲಿ ಹಿಂದೂಕುಶ್ ಹಿಮಾಲಯದ ಹಿಮನದಿಗಳು ಅದರ ಹಿಂದಿನ ದಶಕಕ್ಕಿಂತ ಶೇ. 65ರಷ್ಟು ಹೆಚ್ಚು ವೇಗವಾಗಿ ಕರಗಿವೆ. ಹೊಗೆಯುಗುಳುವ ಇಂದಿನ ರೀತಿ ಬದಲಾಗದಿದ್ದರೆ ಈ ಶತಮಾನದ ಕೊನೆಗೆ ಅವುಗಳ ಶೇ. 80ರಷ್ಟು ಮಂಜುಗಡ್ಡೆ ಇಲ್ಲವಾಗಬಹುದು. ವಿಶ್ವಸಂಸ್ಥೆಯು 2025ನೇ ವರ್ಷವನ್ನು ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಸಾರಿದ್ದು ಸುಮ್ಮನೆ ಅಲ್ಲ. 2013ರಲ್ಲಿ ಕೇದಾರನಾಥ, 2021ರಲ್ಲಿ ಚಮೋಲಿ, 2023ರಲ್ಲಿ ಸಿಕ್ಕಿಂನ ತೀಸ್ತಾ ಕಣಿವೆ ಕಂಡ ದುರಂತಗಳು ಹಿಮದ ನಾಡಿನ ಬದುಕು ಎಷ್ಟು ನಾಜೂಕಾಗಿದೆ ಎಂಬುದನ್ನು ತೋರಿಸಿಕೊಟ್ಟಿವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹಿಮಾಲಯದ ಹಿಮನದಿಗಳು 2035ರ ವೇಳೆಗೆ ಕಣ್ಮರೆಯಾಗಬಹುದೆಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಮಂಡಳಿ 2007ರ ತನ್ನ ವರದಿಯಲ್ಲಿ ಬರೆದಿತ್ತು. ಅದು ತಪ್ಪಾಗಿತ್ತು. 2010ರಲ್ಲಿ ಮಂಡಳಿಯೇ ಅದನ್ನು ಒಪ್ಪಿಕೊಂಡಿತು. ಈ ತಪ್ಪನ್ನು ಹಿಡಿದುಕೊಂಡು ತಾಪಮಾನ ಏರಿಕೆಯೇ ಸುಳ್ಳು ಎನ್ನುವವರು ಇಂದಿಗೂ ಇದ್ದಾರೆ. ಆದರೆ ತಪ್ಪನ್ನು ಒಪ್ಪಿ ತಿದ್ದಿಕೊಳ್ಳುವವರ ಲೆಕ್ಕವನ್ನು ನಂಬಬೇಕೇ, ಲೆಕ್ಕವನ್ನೇ ಇಡದವರ ಮಾತನ್ನು ನಂಬಬೇಕೇ? ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ನೇ ವರ್ಷವು ದಾಖಲೆಯಲ್ಲೇ ಅತ್ಯಂತ ಬಿಸಿಯಾದ ವರ್ಷ. ಕೈಗಾರಿಕಾ ಯುಗಕ್ಕೆ ಮುಂಚಿನ ಕಾಲಕ್ಕೆ ಹೋಲಿಸಿದರೆ ಆ ವರ್ಷ ಭೂಮಿಯ ತಾಪ ಸುಮಾರು 1.55 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಿತ್ತು. ಅದೇ ವರ್ಷದ ಹಜ್ಜ್‌ನಲ್ಲಿ ಮಕ್ಕಾದ ತಾಪಮಾನ 51.8 ಡಿಗ್ರಿಗೆ ಏರಿತು. 1,301 ಯಾತ್ರಿಕರು ಮರಣ ಹೊಂದಿದರೆಂದು ಸೌದಿ ಸರಕಾರವೇ ಪ್ರಕಟಿಸಿತು. ಅವರಲ್ಲಿ ಬಹುಪಾಲು ಮಂದಿ ಅಧಿಕೃತ ಪರವಾನಿಗೆಯಿಲ್ಲದೆ, ನೆರಳು, ವಾಹನಗಳ ಸೌಲಭ್ಯವಿಲ್ಲದೆ ಬಿಸಿಲಿನಲ್ಲಿ ನಡೆದವರು. ಅಂದರೆ ಬಿಸಿಲು ಎಲ್ಲರ ಮೇಲೂ ಬಿತ್ತು. ಸತ್ತವರಲ್ಲಿ ಹೆಚ್ಚಿನವರು ಮಾತ್ರ ಯಾವ ಪಟ್ಟಿಯಲ್ಲೂ ಹೆಸರಿಲ್ಲದವರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ನಮ್ಮ ಊರಿಗೂ ಅನ್ವಯಿಸಲಿದೆ.

ಈಗ ನಮ್ಮ ಜಿಲ್ಲೆಗೆ ಬರೋಣ. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಅದರ ಮೂಲದಲ್ಲಿ ಹಿಮವಿಲ್ಲ. ನವಲಗುಂದದ ಮೂಲಕ ಹರಿಯುವ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳಿಗೂ ಇಲ್ಲ. ಕಲಘಟಗಿಯ ಮಗ್ಗುಲಲ್ಲಿ ಪಶ್ಚಿಮಕ್ಕೆ ಸಾಗುವ ಬೇಡ್ತಿಗೂ ಇಲ್ಲ. ಇವೆಲ್ಲವೂ ಮಳೆಯನ್ನೇ ನಂಬಿದ ನೀರು. ಗಂಗೆಯ ಸ್ಥಿತಿ ಮನೆಯಲ್ಲಿ ಒಂದಿಷ್ಟು ಗಂಟು ಕೂಡಿಟ್ಟವನಂತಿದೆ. ಮಳೆ ಕೈಕೊಟ್ಟ ದಿನಗಳಲ್ಲಿ ಹಿಮದ ಗಂಟಿನಿಂದ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಮಲಪ್ರಭೆ, ಬೆಣ್ಣೆಹಳ್ಳಗಳ ಸ್ಥಿತಿ ದಿನಗೂಲಿಯವನಂತೆ. ಅಂದು ಬಂದರೆ ಅಂದಿನ ಊಟ. ಹಿಮಾಲಯದ ತಪ್ಪಲಿನವರು ತಮ್ಮ ಗಂಟು ಕರಗುತ್ತಿದೆಯೆಂದು ಅಂಜುತ್ತಿದ್ದಾರೆ. ಗಂಟೇ ಇಲ್ಲದ ನಾವು ಯಾವ ಧೈರ್ಯದ ಮೇಲೆ ನಿಶ್ಚಿಂತರಾಗಿದ್ದೇವೆ?

ಹಿಮವನ್ನು ಕರಗಿಸುತ್ತಿರುವ ಅದೇ ತಾಪ ನಮ್ಮ ಮಳೆಯ ನಡೆಯನ್ನೂ ಕೆಡಿಸುತ್ತಿದೆ. ಗಾಳಿಯು ಒಂದು ಡಿಗ್ರಿಯಷ್ಟು ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಮೋಡವು ದಿನಗಟ್ಟಲೆ ಸುರಿಯದೆ ತಡೆದು, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ವರ್ಷದ ಒಟ್ಟು ಮಳೆಯ ಲೆಕ್ಕ ಕಡತದಲ್ಲಿ ಸರಿಯಾಗಿಯೇ ಕಾಣಬಹುದು. ಆದರೆ ಬಿತ್ತನೆಯ ಹೊತ್ತಿಗೆ ಬಾರದ ಮಳೆ ಹೆಸರು ಕಾಳು ಕೊಯ್ಯುವ ಹೊತ್ತಿಗೆ ಬಂದರೆ ಪ್ರಯೋಜನವೇನು? ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿಯ ಮೇಲೆ ಅಕಾಲದಲ್ಲಿ ಎರಡು ತಾಸು ಮಳೆ ಬಿದ್ದರೆ ಬಣ್ಣ ಹೋಯಿತು, ಬಣ್ಣದೊಂದಿಗೆ ಬೆಲೆಯೂ ಹೋಯಿತು. ಇದನ್ನು ಕುಂದಗೋಳದ ರೈತನಿಗೆ ಯಾವ ವಿಜ್ಞಾನಿಯೂ ವಿವರಿಸಬೇಕಾಗಿಲ್ಲ.

ಕಳೆದ ವರ್ಷಗಳನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ 200ಕ್ಕೂ ಹೆಚ್ಚು ಜನರು ಬಲಿಯಾದರು. 2016ರ ಜುಲೈಯಲ್ಲಿ ಮಹಾದಾಯಿ ನ್ಯಾಯಾಧಿಕರಣವು ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಿರಸ್ಕರಿಸಿದಾಗ ನವಲಗುಂದ ಹೊತ್ತಿ ಉರಿಯಿತು. ಯಮನೂರಿನಲ್ಲಿ ಪೊಲೀಸರು ನಡೆಸಿದ ಲಾಠಿಪ್ರಹಾರ ರಾಜ್ಯದಾದ್ಯಂತ ಖಂಡನೆಗೆ ಗುರಿಯಾಯಿತು. ಯಮನೂರು ಬೆಣ್ಣೆಹಳ್ಳದ ದಂಡೆಯ ಊರು. ಅಲ್ಲಿನ ಸಂತರನ್ನು ಹಿಂದೂಗಳು ಚಾಂಗದೇವರೆಂದೂ ಮುಸ್ಲಿಮರು ರಾಜಾ ಬಾಗ್ ಸವಾರರೆಂದೂ ಕರೆಯುತ್ತಾರೆ. ಅಂತಹ ಊರಿನ ಜನರು ಕೇಳಿದ್ದು ಕುಡಿಯುವ ನೀರನ್ನು. ಮೂರೇ ವರ್ಷಗಳ ಬಳಿಕ, 2019ರ ಆಗಸ್ಟ್‌ನಲ್ಲಿ, ಬೆಣ್ಣೆಹಳ್ಳ ಮತ್ತು ತುಪ್ಪರಿಹಳ್ಳಗಳು ಉಕ್ಕಿ ನವಲಗುಂದ ತಾಲೂಕಿನ ಹೊಲ, ಮನೆಗಳನ್ನು ಮುಳುಗಿಸಿದವು. 2023ರಲ್ಲಿ ದೇಶವು 1901ರ ನಂತರದ ಅತ್ಯಂತ ಒಣ ಆಗಸ್ಟ್ ತಿಂಗಳನ್ನು ಕಂಡಿತು. ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ನೀರು ಕೊಡಿ ಎಂದು ಬೀದಿಗಿಳಿದವರು ನೀರಿನಿಂದ ಕಾಪಾಡಿ ಎಂದು ಮೊರೆಯಿಟ್ಟರು. ಮತ್ತೆ ನಾಲ್ಕೇ ವರ್ಷಗಳಲ್ಲಿ ಆಕಾಶ ನೋಡುತ್ತಾ ಕುಳಿತರು. ಒಂದೇ ತಾಲೂಕು, ಒಂದೇ ತಲೆಮಾರು.

ಇಷ್ಟೆಲ್ಲವೂ ಪತ್ರಿಕೆಗಳಲ್ಲಿ ಬಂದಿರುವ ಸಂಗತಿಗಳೇ. ಬಾರದಿರುವುದು ಇನ್ನೊಂದಿದೆ. ಈ ಲೇಖನದ ಉದ್ದೇಶವೂ ಅದುವೇ.

ನೆರೆ ಅಥವಾ ಬರ ಬಂದಾಗ ಸರಕಾರ ಸಮೀಕ್ಷೆ ನಡೆಸುತ್ತದೆ, ಬೆಳೆಹಾನಿಗೆ ಪರಿಹಾರ ನೀಡುತ್ತದೆ. 2022ರಲ್ಲಿ ಪರಿಷ್ಕೃತವಾದ ವಿಪತ್ತು ಪರಿಹಾರ ನಿಧಿಯ ನಿಯಮಗಳ ಪ್ರಕಾರ ಬೆಳೆಯ ಶೇ. 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ರೈತನ ಖರ್ಚಿನ ಮುಂದೆ ಈ ಮೊತ್ತ ಏನೇನೂ ಸಾಲದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ರೈತನಿಗೆ ಒಂದು ಲೆಕ್ಕವಿದೆ. ಅವನ ಹೆಸರು ಪಹಣಿಯಲ್ಲಿದೆ. ಆಧಾರ್ ಜೋಡಣೆಯಾಗಿದ್ದರೆ, ಫ್ರೂಟ್ಸ್ ಸಂಖ್ಯೆ ಇದ್ದರೆ ತಡವಾಗಿಯಾದರೂ ಬ್ಯಾಂಕ್ ಖಾತೆಗೆ ಏನೋ ಒಂದಷ್ಟು ಬರುತ್ತದೆ. ಪಹಣಿಯೇ ಇಲ್ಲದವನ ಗತಿಯೇನು?

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಪಟ್ಟಣಗಳಲ್ಲಿ ನಮ್ಮ ಸಮುದಾಯದ ಓಣಿಗಳನ್ನು ಸುತ್ತಿ ನೋಡಿದವರಿಗೆ ಇದು ಗೊತ್ತು. ಅಲ್ಲಿ ಹೊಲವಿರುವವರು ಕೆಲವರು. ಹೊಲವನ್ನು ನಂಬಿದವರು ಹಲವರು. ಹತ್ತಿ ಬಿಡಿಸಲು ಹೋಗುವ ಹೆಂಗಸರು, ಮೆಣಸಿನಕಾಯಿಯ ತೊಟ್ಟು ಬಿಡಿಸುವವರು, ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರು, ಸಂತೆಯಲ್ಲಿ ಬಟ್ಟೆ, ಬಳೆ ಮಾರುವವರು, ಟಂಟಂ ಓಡಿಸುವವರು. ಹೊಲದಲ್ಲಿ ಹತ್ತಿ ಕೊಳೆತರೆ ಹೊಲದ ಒಡೆಯನಿಗೆ ಬೆಳೆಹಾನಿ. ಅದನ್ನು ಬಿಡಿಸಿ ಮೂರು ತಿಂಗಳು ಮನೆ ನಡೆಸಬೇಕಾಗಿದ್ದ ತಾಯಿಗೆ ಆದದ್ದು ಯಾವ ಹಾನಿ? ಅದಕ್ಕೆ ಸರಕಾರಿ ಭಾಷೆಯಲ್ಲಿ ಹೆಸರೇ ಇಲ್ಲ. ಸಂತೆ ನೆರೆಯದ ವಾರಗಳಲ್ಲಿ ಬಟ್ಟೆ ವ್ಯಾಪಾರಿ ಕಳೆದುಕೊಂಡದ್ದನ್ನು ಯಾವ ಅಧಿಕಾರಿಯೂ ಬರೆದುಕೊಳ್ಳುವುದಿಲ್ಲ.

ಲಾವಣಿಗೆ ಹೊಲ ಮಾಡುವವರ ಸ್ಥಿತಿ ಇನ್ನೂ ವಿಚಿತ್ರವಾಗಿದೆ. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದು ಸಾಮಾನ್ಯವಾಗಿ ನಿಷಿದ್ಧ. ಉಳುವವನೇ ಒಡೆಯನಾಗಬೇಕೆಂಬ ಸದುದ್ದೇಶ ಅದರಲ್ಲಿತ್ತು. ಆದರೆ ವಾಸ್ತವದಲ್ಲಿ ಲಾವಣಿ ನಿಂತಿಲ್ಲ, ಲಾವಣಿಯ ಕಾಗದ ಮಾತ್ರ ನಿಂತಿತು. ಎಲ್ಲವೂ ಬಾಯಿಮಾತಿನ ಒಪ್ಪಂದ. ಬೀಜ, ಗೊಬ್ಬರ, ಸಾಲ, ಬೆವರು ಲಾವಣಿದಾರನದ್ದು. ಹೊಲ ಮುಳುಗಿದಾಗ ಪರಿಹಾರ ಪಹಣಿಯಲ್ಲಿ ಹೆಸರಿದ್ದವನದ್ದು. ಮನುಷ್ಯತ್ವವಿರುವ ಒಡೆಯ ಅದನ್ನು ಹಂಚಿಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ಒಬ್ಬನ ಔದಾರ್ಯದ ಮೇಲೆ ಇನ್ನೊಬ್ಬನ ಹಕ್ಕು ನಿಲ್ಲಬೇಕಾದ ಈ ಸ್ಥಿತಿಯನ್ನು ನ್ಯಾಯವೆನ್ನಲು ಸಾಧ್ಯವೇ?

ನವಲಗುಂದದ ಜಮಖಾನೆಯ ವಿಚಾರವನ್ನೂ ಹೇಳಲೇಬೇಕು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಈ ಜಮಖಾನೆಯನ್ನು ನೇಯುತ್ತಾ ಬಂದವರು ನಮ್ಮ ಸಮುದಾಯದ ಹೆಣ್ಣುಮಕ್ಕಳು. ನಿಂತಿರುವ ಮಗ್ಗ ಮನೆಯೊಳಗೇ ಇರುತ್ತದೆ. ಮನೆಗೆ ನೀರು ನುಗ್ಗಿದರೆ ಮಗ್ಗಕ್ಕೂ ನುಗ್ಗಿದಂತೆ, ನೂಲಿಗೂ ನುಗ್ಗಿದಂತೆ. ಗೋಡೆ ಬಿದ್ದರೆ ಮನೆಹಾನಿಯೆಂದು ಬರೆಯುತ್ತಾರೆ. ಮಗ್ಗದ ಹಾನಿಯನ್ನು ಬರೆಸಿದವರು ಎಷ್ಟು ಮಂದಿ? ವಸ್ತುತಃ ವಿಪತ್ತು ಪರಿಹಾರದ ನಿಯಮಗಳಲ್ಲಿ ಕೈಮಗ್ಗ ಮತ್ತು ಕರಕುಶಲ ಕೆಲಸಗಾರರ ಸಲಕರಣೆ ಹಾಗೂ ಕಚ್ಚಾ ಸಾಮಗ್ರಿಯ ನಷ್ಟಕ್ಕೂ ನೆರವು ನೀಡುವ ಅವಕಾಶವಿದೆ. ಅರ್ಜಿ ಕೊಟ್ಟು ಕೇಳದವರ ಮನೆ ಬಾಗಿಲಿಗೆ ಅದು ತಾನಾಗಿ ಬರುವುದಿಲ್ಲ.

ಹಿಮನದಿಯನ್ನು ಉಪಗ್ರಹ ಅಳೆಯುತ್ತದೆ. ಹೊಲವನ್ನು ಗ್ರಾಮ ಆಡಳಿತ ಅಧಿಕಾರಿ ಅಳೆಯುತ್ತಾರೆ. ಹೋದ ಕೂಲಿಯನ್ನು ಅಳೆಯುವವರು ಯಾರೂ ಇಲ್ಲ. ಅಳೆಯದ ನಷ್ಟ ಸರಕಾರದ ಪಾಲಿಗೆ ಆಗಿಲ್ಲದ ನಷ್ಟ. ಇದುವೇ ನಮ್ಮ ತಕರಾರು.

ಇದು ಮುಸ್ಲಿಮರದ್ದಷ್ಟೇ ತಕರಾರೆಂದು ಯಾರೂ ಭಾವಿಸಬಾರದು. ದಲಿತ ಕೇರಿಯ ಕೂಲಿಕಾರರು, ಕುರಿ ಕಾಯುವವರು, ಊರೂರು ಅಲೆದು ದುಡಿಯುವ ಎಲ್ಲರ ಕತೆಯೂ ಇದೇ. ರೈತರಿಗೆ ಸಿಗುವುದನ್ನು ಕಡಿಮೆ ಮಾಡಿ ಕೂಲಿಕಾರರಿಗೆ ಕೊಡಿ ಎಂಬುದು ಕೂಡಾ ನಮ್ಮ ವಾದವಲ್ಲ. ರೈತನಿಗೆ ಸಿಗುತ್ತಿರುವುದೇ ಅತ್ಯಲ್ಪ. 2023ರ ಬರಕ್ಕೆ ರಾಜ್ಯ ಸರಕಾರ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ಅದಕ್ಕಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2024ರ ಎಪ್ರಿಲ್‌ನಲ್ಲಿ ದೊರೆತದ್ದು ಸುಮಾರು 3,454 ಕೋಟಿ. ಕೇಂದ್ರ ರಾಜ್ಯವನ್ನು ದೂರಿತು, ರಾಜ್ಯ ಕೇಂದ್ರವನ್ನು ದೂರಿತು. ಚುನಾವಣಾ ಭಾಷಣಗಳಿಗೆ ವಸ್ತು ಸಿಕ್ಕಿತು. ಈ ಜಗಳದ ಎರಡೂ ಬದಿಗಳಲ್ಲಿ ಭೂಮಿಯಿಲ್ಲದವನ ಹೆಸರು ಮಾತ್ರ ಕೇಳಿಬರಲಿಲ್ಲ.

ಮಹಾದಾಯಿಯ ಕತೆಯೂ ಭಿನ್ನವಲ್ಲ. 2018ರ ಆಗಸ್ಟ್‌ನಲ್ಲಿ ಬಂದ ತೀರ್ಪು ಕಳಸಾ, ಬಂಡೂರಿ ನಾಲೆಗಳಿಂದ ಮಲಪ್ರಭೆಗೆ 3.9 ಟಿಎಂಸಿ ನೀರು ತಿರುಗಿಸಲು ಒಪ್ಪಿಗೆ ನೀಡಿತು. 2020ರ ಫೆಬ್ರವರಿಯಲ್ಲಿ ಅದು ರಾಜಪತ್ರದಲ್ಲಿ ಪ್ರಕಟವಾಯಿತು. ಆ ನೀರು ಇನ್ನೂ ಹರಿದುಬಂದಿಲ್ಲ. ಪ್ರತಿ ಚುನಾವಣೆಯಲ್ಲಿ ಮಾತ್ರ ಅದು ತಪ್ಪದೆ ಹರಿಯುತ್ತದೆ.

ಜಾಗತಿಕ ವೇದಿಕೆಗಳಲ್ಲಿ ನಮ್ಮ ದೇಶ ಏನನ್ನು ಕೇಳುತ್ತಿದೆ ಎಂಬುದನ್ನು ಇಲ್ಲಿ ಜ್ಞಾಪಿಸಬೇಕು. ಈವರೆಗೆ ವಾತಾವರಣಕ್ಕೆ ಸೇರಿರುವ ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ಕಾಲುಭಾಗ ಅಮೆರಿಕವೊಂದರದ್ದೇ. ತಾಪ ಏರಿಸಿದವರು ಶ್ರೀಮಂತ ದೇಶಗಳವರು, ಬೇಯುವವರು ಬಡ ದೇಶಗಳವರು. ಆದ್ದರಿಂದ ಏರಿಸಿದವರು ಪರಿಹಾರ ಕೊಡಬೇಕು ಎಂಬುದು ಭಾರತವೂ ಸೇರಿದಂತೆ ಬಡ ದೇಶಗಳ ವಾದ. ಈ ವಾದ ನ್ಯಾಯಬದ್ಧವಾದುದು. 2022ರಲ್ಲಿ ಈಜಿಪ್ಟಿನಲ್ಲಿ ನಡೆದ ಸಮ್ಮೇಳನದಲ್ಲಿ ಇದಕ್ಕಾಗಿ ಒಂದು ನಿಧಿಯನ್ನು ಸ್ಥಾಪಿಸಲು ದೇಶಗಳು ಒಪ್ಪಿದವು. ಅದೇ ವರ್ಷ ಪಾಕಿಸ್ತಾನದ ನೆರೆಯಲ್ಲಿ 1,700ಕ್ಕೂ ಹೆಚ್ಚು ಜನರು ಸತ್ತು ಮೂರು ಕೋಟಿಗೂ ಅಧಿಕ ಮಂದಿ ಸಂತ್ರಸ್ತರಾದದ್ದು ಆ ಒಪ್ಪಂದಕ್ಕೆ ಒತ್ತಾಸೆಯಾಗಿತ್ತು. ನಮ್ಮ ಪ್ರಶ್ನೆ ಸರಳವಾದುದು. ತಪ್ಪು ಮಾಡದವನಿಗೆ ಆದ ನಷ್ಟವನ್ನು ಲೆಕ್ಕಹಾಕಬೇಕು ಎಂದು ಜಗತ್ತಿನ ಮುಂದೆ ಹೇಳುವ ನಾವು ನಮ್ಮದೇ ತಾಲೂಕಿನಲ್ಲಿ ಆ ಲೆಕ್ಕವನ್ನು ಯಾಕೆ ಹಾಕುತ್ತಿಲ್ಲ? ಕಾರಿಲ್ಲದ, ಎಸಿ ಇಲ್ಲದ, ಹೊಲವೂ ಇಲ್ಲದ ಅಣ್ಣಿಗೇರಿಯ ಹಮಾಲನಷ್ಟು ಈ ವಿಷಯದಲ್ಲಿ ನಿರಪರಾಧಿ ಯಾರಿದ್ದಾರೆ?

ಸರಕಾರವನ್ನು ಪ್ರಶ್ನಿಸಿದ ಮೇಲೆ ನಮ್ಮನ್ನೂ ಪ್ರಶ್ನಿಸಿಕೊಳ್ಳುವುದು ಅಗತ್ಯ. ಮಳೆ ಬಾರದಾಗ ಈದ್ಗಾಹ್ ಮೈದಾನದಲ್ಲಿ ಸೇರಿ ಕೈಯೆತ್ತುತ್ತೇವೆ, ಅದು ಆಗಬೇಕಾದುದೇ. ಆದರೆ ಮಳೆ ಬಂದ ವರ್ಷ ನಾವೇನು ಮಾಡಿದೆವು? ಹರಿಯುವ ನದಿಯ ದಂಡೆಯಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದು ಎಂಬ ಪ್ರವಾದಿ ಶಿಕ್ಷಣವನ್ನು ಮದ್ರಸದ ಪುಟ್ಟ ಮಗು ಕೂಡಾ ಕಲಿತಿರುತ್ತದೆ. ಮಸೀದಿಯ ಹೌಝಿನ ಬಳಿ ತೆರೆದೇ ಇರುವ ನಲ್ಲಿ ಆ ಪಾಠವನ್ನು ಮರೆಸುತ್ತದೆ. ಬೋರ್‌ವೆಲ್ ನೀರು ಉಪ್ಪಾದರೆ ಇನ್ನೊಂದು ಬೋರ್‌ವೆಲ್ ಕೊರೆಸುವ ನಾವು ಮಸೀದಿಯ ಮಾಳಿಗೆಯ ಮೇಲೆ ಬೀಳುವ ಮಳೆಯನ್ನು ಚರಂಡಿಗೆ ಬಿಡುತ್ತೇವೆ. ಎರೆನಾಡಿನ ಹಿರಿಯರು ಬಾವಿ ನೀರು ಸವಳೆಂದು ತಿಳಿದೇ ಕೆರೆ ಕಟ್ಟಿಕೊಂಡಿದ್ದರು. ಆ ಕೆರೆಗಳೇ ಅವರ ಹಿಮನದಿಗಳಾಗಿದ್ದವು. ಕೆರೆಯ ಅಂಗಳಕ್ಕೂ ಹಳ್ಳದ ಪಾತ್ರಕ್ಕೂ ಮನೆ, ಅಂಗಡಿಗಳನ್ನು ಚಾಚಿದವರಲ್ಲಿ ಎಲ್ಲ ಸಮುದಾಯದವರೂ ಇದ್ದಾರೆ. ನಾವು ಹೊರತಲ್ಲ. ನೆರೆ ಬಂದಾಗ ಎಲ್ಲವೂ ವಿಧಿಯೆಂದು ಕೈಚೆಲ್ಲುವುದು ಇಂತಹ ತಪ್ಪುಗಳನ್ನು ಮುಚ್ಚಿಡುವ ಉಪಾಯವಾಗಬಾರದು.

ಹಾಗಾದರೆ ಮಾಡಬೇಕಾದುದೇನು? ಒಂದು ಕೆಲಸವನ್ನು ಮುಂದಿನ ಮುಂಗಾರಿಗೆ ಮುಂಚೆಯೇ ಆರಂಭಿಸಬಹುದು. ಪ್ರತಿಯೊಂದು ಪಟ್ಟಣದ ಅಂಜುಮನ್, ಮಸೀದಿ ಕಮಿಟಿ ಹಾಗೂ ಮಹಿಳಾ ಸ್ವಸಹಾಯ ಗುಂಪುಗಳು ಸೇರಿ ಒಂದು ದಫ್ತರ ತೆರೆಯಲಿ. ಓಣಿಯ ಯಾವ ಮನೆ ಲಾವಣಿ ಮಾಡುತ್ತದೆ, ಯಾರು ಕೂಲಿಗೆ ಹೋಗುತ್ತಾರೆ, ಯಾರ ಮನೆಯಲ್ಲಿ ಮಗ್ಗವಿದೆ ಎಂಬುದನ್ನು ಬರೆದಿಡಲಿ. ನೆರೆ, ಬರದ ದಿನಗಳಲ್ಲಿ ಎಷ್ಟು ದಿನದ ಕೂಲಿ ಹೋಯಿತು, ಏನು ಹಾಳಾಯಿತು ಎಂಬುದನ್ನು ದಿನಾಂಕ ಸಹಿತ, ಫೋಟೋ ಸಹಿತ ದಾಖಲಿಸಲಿ. ಓಣಿಯ ಆಚೆಯ ಬಡವರ ಹೆಸರುಗಳೂ ಅದರಲ್ಲಿರಲಿ. ಮಗ್ಗದ ಕೆಲಸಗಾರರು ಇಲಾಖೆಯಲ್ಲಿ ನೋಂದಣಿಯಾಗಲಿ. ಆ ದಫ್ತರದೊಂದಿಗೆ ತಹಶೀಲ್ದಾರರ ಕಚೇರಿಗೆ, ಶಾಸಕರ ಮನೆಗೆ, ಬೇಕಾದರೆ ನ್ಯಾಯಾಲಯಕ್ಕೆ ಹೋಗಲಿ. ಬೈತುಲ್ ಮಾಲ್‌ನಿಂದ ಎರಡು ತಿಂಗಳ ರೇಶನ್ ಕೊಡುವುದು ಪುಣ್ಯಕಾರ್ಯವೇ ಸರಿ. ಆದರೆ ಹಕ್ಕಾಗಿ ಸಿಗಬೇಕಾದುದನ್ನು ದಾನವಾಗಿ ಕೊಟ್ಟು ಸುಮ್ಮನಾಗುವುದು ಬಡವನಿಗೆ ಮಾಡುವ ಪೂರ್ಣ ಉಪಕಾರವಲ್ಲ.

ಇದಕ್ಕೆ ದಾರಿ ತೋರಿಸಲು ಹೊರಗಿನವರು ಬರಬೇಕಾಗಿಲ್ಲ. 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ನವಲಗುಂದ, ನರಗುಂದದ ರೈತರು ಎದ್ದು ನಿಂತಾಗ ಪೊಲೀಸರ ಗುಂಡಿಗೆ ಜೀವಗಳು ಹೋದವು. ಬಾರದ ನೀರಿಗೆ ಕರ ಕಟ್ಟುವುದಿಲ್ಲ ಎಂಬ ಅವರ ಲೆಕ್ಕ ರಾಜ್ಯದ ರಾಜಕೀಯವನ್ನೇ ಅಲುಗಾಡಿಸಿತು. ಅಂದು ರೈತನ ಲೆಕ್ಕವನ್ನು ಸರಕಾರ ಕೇಳಬೇಕಾಯಿತು. ಇಂದು ರೈತಸಂಘಗಳೊಂದಿಗೆ ಕೈಜೋಡಿಸಿ ಕೂಲಿಯವನ ಲೆಕ್ಕವನ್ನೂ ಕೇಳಿಸಬೇಕಾಗಿದೆ.

ಬೆಟದೂರಿನ ಆ ಯೋಧನನ್ನು ಹುಡುಕಲು ಆರು ದಿನ ಹಿಮವನ್ನು ಅಗೆದರು. ಒಂದು ಜೀವವಿದ್ದೀತೆಂಬ ಆಸೆಯಿಂದ ಅಗೆದರು. ಒಬ್ಬೊಬ್ಬನೂ ಲೆಕ್ಕಕ್ಕೆ ಸಿಗಬೇಕು ಎಂಬುದು ಸೇನೆಯ ನಿಯಮ. ಅದೇ ನಿಯಮವನ್ನು ನಮ್ಮ ಆಡಳಿತವೂ, ಮೊದಲಾಗಿ ನಮ್ಮ ಓಣಿಗಳೂ ಕಲಿತುಕೊಂಡರೆ, ಮುಂದಿನ ನೆರೆಯಲ್ಲಿ ಮುಳುಗುವ ಮನೆಗಳಲ್ಲಿ ಒಂದಾದರೂ ಲೆಕ್ಕಕ್ಕೆ ಸಿಗದೆ ಉಳಿಯದು.